ಕಿಂದರಿಜೋಗಿಯೂ ಹೊರನಾಡಿನ ಮಕ್ಕಳೂ

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಮಕ್ಕಳ ಪದ್ಯವೆಂದು ಹೆಸರಿಸಿ ಪಕ್ಕಕ್ಕಿಡುವ ರೂಢಿ ನಮ್ಮಲ್ಲಿ ಬೆಳೆದುಬಂದಿದೆ. ವಾರ್ಷಿಕೋತ್ಸವದಲ್ಲಿ ನಾಲ್ಕು ಮಕ್ಕಳಿಗೆ ಇಲಿಯ ವೇಷ ತೊಡಿಸಿದರೆ ಅದರ ಋಣ ಸಂದಾಯವಾಯಿತೆಂದು ಭಾವಿಸುತ್ತೇವೆ. ಇತ್ತೀಚೆಗೆ ಮುಂಬ್ರಾದ ಮನೆಯಲ್ಲಿ ಕುಳಿತು ಅದನ್ನು ಮತ್ತೆ ಓದಿದಾಗ, ಮಕ್ಕಳಿಗಾಗಿ ಬರೆದ ಈ ಕೃತಿ ಹಿರಿಯರ ಮೇಲಿನ ದೋಷಾರೋಪಣೆಯೂ ಹೌದು ಎನ್ನಿಸಿತು.

ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಐತಿಹ್ಯವನ್ನು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಕಾವ್ಯವಾಗಿಸಿದ. 1920ರ ದಶಕದಲ್ಲಿ ತರುಣ ಕುವೆಂಪು ಅದನ್ನು ತುಂಗೆಯ ದಡಕ್ಕೆ ತಂದರು. ಕೊಳಲೂದುವವನು ಕಿಂದರಿಯ ಜೋಗಿಯಾದ. ನಗರಸಭೆಯ ಅಧ್ಯಕ್ಷನ ಸ್ಥಾನಕ್ಕೆ ಊರಗೌಡ ಬಂದ. ಬದಲಾಗದೆ ಉಳಿದದ್ದು ಕಥೆಯ ನ್ಯಾಯ: ಮಾತು ಕೊಟ್ಟವರು ದೊಡ್ಡವರು, ತಪ್ಪಿದವರೂ ದೊಡ್ಡವರು, ದಂಡ ತೆತ್ತವರು ಮಾತ್ರ ಮಕ್ಕಳು.

ಮುಂಬಯಿ ಕನ್ನಡಿಗರಿಗೆ ಇದು ದೂರದ ಕಥೆಯಲ್ಲ. ದಕ್ಷಿಣ ಕನ್ನಡದ ಎಷ್ಟೋ ಹುಡುಗರು ಮೀಸೆ ಮೂಡುವ ಮೊದಲೇ ಈ ನಗರದ ಕರೆಗೆ ಓಗೊಟ್ಟು ಬಂದು, ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ ಬೆಳೆದರು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ಕೇಂದ್ರ ಸರ್ಕಾರದ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅದಕ್ಕೆ ಎಷ್ಟೋ ಮೊದಲೇ, 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ರಾತ್ರಿಶಾಲೆ ನಡೆಸಿ, ದಣಿದ ಆ ಹುಡುಗರ ಕೈಗೆ ಅಕ್ಷರ ಕೊಟ್ಟವು. ಬೆಟ್ಟದೊಳಗೆ ಹೋದ ಮಕ್ಕಳನ್ನು ಅರ್ಧದಾರಿಯವರೆಗಾದರೂ ಹಿಂದಕ್ಕೆ ಕರೆತಂದ ಕೆಲಸವದು.

ಇಂದು ನಮ್ಮ ಸಭೆಗಳಲ್ಲಿ ಕಿಂದರಿಜೋಗಿಯ ಪಟ್ಟ ಇಂಗ್ಲಿಷಿಗೆ ಸಂದಿದೆ. ಅದು ಮಕ್ಕಳನ್ನು ಸೆಳೆದೊಯ್ದಿತು ಎಂಬುದು ವೇದಿಕೆಯ ಸಾಮಾನ್ಯ ಗೋಳು. ಈ ವಾದವನ್ನು ನಾನು ಒಪ್ಪಲಾರೆ. ಅನ್ನದ ದಾರಿ ತೋರುವ ಭಾಷೆಯನ್ನು ಮಕ್ಕಳು ಕಲಿಯಲೇಬೇಕು. ಕಥೆಯಲ್ಲಿಯೂ ಅನರ್ಥದ ಮೂಲ ಜೋಗಿಯಲ್ಲ, ಮಾತಿಗೆ ತಪ್ಪಿದ ಗೌಡ. ಪ್ರತಿ ನವೆಂಬರ್ ಒಂದರಂದು ಕನ್ನಡ ಉಳಿಸುತ್ತೇವೆಂದು ಮಾತು ಕೊಟ್ಟು, ಎರಡನೆಯ ತಾರೀಖು ಮನೆಯಲ್ಲಿ ಮಕ್ಕಳಿಗೆ ಒಂದು ಕಥೆ ಹೇಳಲೂ ಬಿಡುವಿಲ್ಲದ ಸಮಾಜಕ್ಕೆ ಗೌಡನ ರುಮಾಲು ಚೆನ್ನಾಗಿಯೇ ಒಪ್ಪುತ್ತದೆ.

ಬ್ರೌನಿಂಗ್ ತನ್ನ ಕಥೆಯ ಕೊನೆಗೆ ಒಂದು ವಿಚಿತ್ರ ಸಂಗತಿ ಸೇರಿಸಿದ್ದಾನೆ. ದೂರದ ಟ್ರಾನ್ಸಿಲ್ವೇನಿಯದಲ್ಲಿ ಸುತ್ತಲಿನವರಿಗಿಂತ ಬೇರೆಯಾದ ಉಡುಗೆ-ನಡೆಗಳ ಜನರಿದ್ದಾರೆ. ಅವರ ಹಿರಿಯರು ನೆಲದಡಿಯ ಸೆರೆಯಿಂದ ಎದ್ದು ಬಂದವರು. ಆದರೆ ಹೇಗೆ, ಏಕೆ ಎಂಬುದು ಅವರಿಗೇ ತಿಳಿಯದು. 1916ರಲ್ಲಿ ತೆರೆದ ಪಾರ್ಸಿಕ್ ಸುರಂಗವನ್ನು ಹೊಟ್ಟೆಯಲ್ಲಿಟ್ಟುಕೊಂಡ ಬೆಟ್ಟದ ಬುಡದಲ್ಲಿ, ಉರ್ದು, ಹಿಂದಿ, ಮರಾಠಿಗಳ ನಡುವೆ ಬೆಳೆಯುತ್ತಿರುವ ನಮ್ಮ ಮೂರನೆಯ ತಲೆಮಾರಿನ ಸ್ಥಿತಿಯೂ ಇದೇ. ಮನೆದೇವರ ಹೆಸರು ಗೊತ್ತು, ಊರಿನ ಹೆಸರು ಗೊತ್ತು. ಅಜ್ಜ ಏಕೆ ಊರು ಬಿಟ್ಟರೆಂಬುದು ಗೊತ್ತಿಲ್ಲ.

ಓದುವಾಗ ನನ್ನನ್ನು ಹೆಚ್ಚು ಕಲಕಿದವನು, ಎಲ್ಲರೊಡನೆ ಓಡಲಾರದೆ ಹಿಂದುಳಿದ ಕುಂಟ ಹುಡುಗ. ಅವನ ಕಣ್ಣೆದುರಿಗೇ ಬೆಟ್ಟದ ಬಾಗಿಲು ಮುಚ್ಚಿಕೊಳ್ಳುತ್ತದೆ. ತೊದಲುಗನ್ನಡದಲ್ಲಿ ಮಾತನಾಡಿದ ಮಗುವನ್ನು ಕಂಡು ಸಭೆ ನಕ್ಕಾಗಲೆಲ್ಲ ಅಂತಹದೇ ಒಂದು ಬಾಗಿಲು ಮುಚ್ಚುತ್ತದೆ. ಆ ಮಗು ಎರಡನೆಯ ಬಾರಿ ಬಾಯಿ ತೆರೆಯುವುದಿಲ್ಲ.

ಆದುದರಿಂದ ಸಂಘಗಳು ಒಂದು ಸಣ್ಣ ಕೆಲಸಕ್ಕೆ ಕೈಹಾಕಲಿ. ವಾರಕ್ಕೊಂದು ಸಂಜೆ, ಒಂದು ಮನೆ, ಒಂದು ಕಥೆ. ಕಥೆ ಕನ್ನಡದಲ್ಲಿರಲಿ, ಮಕ್ಕಳ ಪ್ರಶ್ನೆ ಯಾವ ಭಾಷೆಯಲ್ಲಾದರೂ ಬರಲಿ. ಅಜ್ಜ ಏಕೆ ಊರು ಬಿಟ್ಟರೆಂಬ ಕಥೆಯೂ ಅಲ್ಲಿ ಹೇಳಲ್ಪಡಲಿ. ರಾತ್ರಿಶಾಲೆ ಕಟ್ಟಿದವರ ಬಳಿಯೂ ಹಣ ಹೇರಳವಾಗಿರಲಿಲ್ಲ. ಕೊಟ್ಟ ಮಾತನ್ನು ಅವರು ಉಳಿಸಿಕೊಂಡರು.