ಕಸಿದುಕೊಂಡ ಅವಧಿ

ನಿವೃತ್ತಿಯ ನಂತರ ನಾನು ಜಲವರ್ಣ ಚಿತ್ರಕಲೆ ಕಲಿಯತೊಡಗಿದಾಗ "ಹೊತ್ತು ಹೋಗಲು ಒಳ್ಳೆಯ ಹವ್ಯಾಸ" ಎಂದು ಹಲವರು ಹರಸಿದರು. ಆ ಮಾತನ್ನು ನಾನು ಒಪ್ಪಲಾರೆ. ಶುದ್ಧ ಜಲವರ್ಣದಲ್ಲಿ ಬಿಳಿಯನ್ನು ಬಳಿಯುವುದಿಲ್ಲ. ಕಾಗದದ ಬಿಳುಪನ್ನೇ ಮೊದಲು ಯೋಚಿಸಿ ಉಳಿಸಿಕೊಳ್ಳಬೇಕು. ಅಂಚು ಸ್ಪಷ್ಟವಾಗಬೇಕಾದರೆ ಮೊದಲ ಲೇಪ ಆರುವವರೆಗೆ ಕಾಯಬೇಕು. ಗಾಢವಾದದ್ದನ್ನು ತಿಳಿಬಣ್ಣದಿಂದ ಮುಚ್ಚಲಾಗದು. ಮುಂದಾಲೋಚನೆ, ತಾಳ್ಮೆ, ಹೊಣೆಗಾರಿಕೆ – ಇದು ಶಿಕ್ಷಣವಲ್ಲದೆ ಮತ್ತೇನು?

ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ನೆಪದಲ್ಲಿ ನಿಮ್ಮ ಚಿತ್ರಕಲೆಯ ಅವಧಿಗಳನ್ನು ಗಣಿತಕ್ಕೆಂದು ಕಸಿದುಕೊಂಡವನು ನಾನೇ. ಅಂದು ನೀವು ಕಳೆದುಕೊಂಡದ್ದನ್ನು ಯಾವ ಅಂಕಪಟ್ಟಿಯೂ ತೋರಿಸಲಿಲ್ಲ. ಇಂದು ಶಿಕ್ಷಕರಾಗಿರುವ ನನ್ನ ಪ್ರಿಯ ಶಿಷ್ಯರೇ, ನಿಮ್ಮ ಮೇಷ್ಟ್ರು ಮಾಡಿದ್ದನ್ನು ನೀವು ಮಾಡಬೇಡಿ. ಆ ಅವಧಿಯನ್ನು ಮಕ್ಕಳಿಗೇ ಬಿಡಿ. ಕುಂಚ ಹಿಡಿಯಲು ಅವರೂ ಅರವತ್ತರವರೆಗೆ ಕಾಯಬೇಕೆ?