ಬಡ್ತಿಯ ಲೆಕ್ಕ, ಬಣ್ಣದ ಲೆಕ್ಕ

ಚರ್ಮದ ಬಣ್ಣ ನೋಡಿ ಪೊಲೀಸರು ಯಾರನ್ನೂ ತಡೆಯಬಾರದು ಎಂದು ಕಾನೂನು ಬರೆಯುವುದು ಕಷ್ಟವಲ್ಲ. ಒಂದು ಸಾಲಿನ ಕೆಲಸ. ಅಮೆರಿಕದ ಹಲವು ರಾಜ್ಯಗಳು ಆ ಸಾಲನ್ನು ಬರೆದು ಇಪ್ಪತ್ತು ವರ್ಷಗಳ ಮೇಲಾಯಿತು. ಆದರೂ ಅಲ್ಲಿನ ಶಾಸನಸಭೆಗಳಲ್ಲಿ ಅದೇ ವಿಷಯದ ಹೊಸ ಹೊಸ ಮಸೂದೆಗಳು ಬರುತ್ತಲೇ ಇವೆ. ಯಾಕೆ ಹೀಗೆ? ನಮ್ಮ ಕಾಲೇಜಿನಿಂದ ಎಂ.ಎಸ್. ಓದಲು ಹೊರಟ ಸೀನಿಯರ್‌ಗಳ ಪಟ್ಟಿಯನ್ನು ನೋಟಿಸ್ ಬೋರ್ಡಿನಲ್ಲಿ ನೋಡಿದಾಗಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಇನ್ನೊಂದು ವರ್ಷದಲ್ಲಿ ಅವರೆಲ್ಲ ಅಲ್ಲಿನ ಹೆದ್ದಾರಿಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಓಡಿಸುವವರು. ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಉತ್ತರ ಇಷ್ಟು: ಕಾನೂನು ‘ಮಾಡಬೇಡ’ ಎನ್ನುತ್ತದೆ, ಇಲಾಖೆಯ ಬಡ್ತಿ ಪದ್ಧತಿ ‘ಮಾಡು’ ಎನ್ನುತ್ತದೆ. ಸಿಬ್ಬಂದಿಯ ಕಿವಿಗೆ ಬೀಳುವುದು ಎರಡನೆಯ ಮಾತು.

ನ್ಯೂಜೆರ್ಸಿಯನ್ನೇ ನೋಡಿ. ಎಡಿಸನ್, ಜೆರ್ಸಿ ಸಿಟಿಯಂಥ ಊರುಗಳಿಂದಾಗಿ ಭಾರತೀಯರಿಗೆ ಚಿರಪರಿಚಿತವಾದ ರಾಜ್ಯ ಅದು. ಅಲ್ಲಿನ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಕಪ್ಪು ವರ್ಣೀಯರನ್ನೇ ಹೆಚ್ಚಾಗಿ ತಡೆಯಲಾಗುತ್ತಿದೆ ಎಂಬ ದೂರು 1990ರ ದಶಕದಲ್ಲಿ ನ್ಯಾಯಾಲಯಕ್ಕೆ ಹೋಯಿತು. ಆರೋಪ ಮಾಡುವುದು ಸುಲಭ, ಸಾಬೀತು ಮಾಡುವುದು ಹೇಗೆ? ಪ್ರತಿವಾದಿಗಳ ಪರವಾಗಿ ನಡೆದ ಅಳತೆ ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಇಷ್ಟವಾಗುವಂಥದ್ದು. ವೇಗಮಿತಿ ಗಂಟೆಗೆ 55 ಮೈಲಿ. ತಮ್ಮ ಕಾರನ್ನು ಕ್ರೂಸ್ ಕಂಟ್ರೋಲ್‌ನಲ್ಲಿ 60 ಮೈಲಿಗೆ ಇಟ್ಟು, ತಮ್ಮನ್ನು ಹಿಂದಿಕ್ಕಿದ ಪ್ರತಿ ವಾಹನವನ್ನೂ ಅದರೊಳಗೆ ಕೂತವರನ್ನೂ ಲೆಕ್ಕ ಹಾಕಿದರು. ಬಹುತೇಕ ಎಲ್ಲರೂ, ಅಂದರೆ ಶೇ 98ರಷ್ಟು ಮಂದಿ, ವೇಗಮಿತಿ ಮೀರುತ್ತಿದ್ದರು! ಹೀಗೆ ಮೀರಿದವರಲ್ಲಿ ಕಪ್ಪು ವರ್ಣೀಯರಿದ್ದ ಕಾರುಗಳು ಶೇ 15ರಷ್ಟು. ಪೊಲೀಸರು ತಡೆದವರಲ್ಲಿ ಅವರ ಪಾಲು ಶೇ 35. ಟೆಂಪಲ್ ವಿಶ್ವವಿದ್ಯಾಲಯದ ಜಾನ್ ಲ್ಯಾಂಬರ್ತ್ ಈ ಅಂಕಿಗಳನ್ನು ವಿಶ್ಲೇಷಿಸಿ ಸಾಕ್ಷ್ಯ ನುಡಿದರು. 1996ರಲ್ಲಿ ನ್ಯಾಯಾಧೀಶರು ಅದನ್ನು ಒಪ್ಪಿಕೊಂಡರು. ಎಲ್ಲರೂ ತಪ್ಪು ಮಾಡುವ ರಸ್ತೆಯಲ್ಲಿ ಯಾರನ್ನು ಹಿಡಿಯಬೇಕೆಂಬುದು ಪೂರ್ತಿ ಪೊಲೀಸನ ಇಷ್ಟಕ್ಕೆ ಬಿಟ್ಟಿದ್ದು. ತಾರತಮ್ಯಕ್ಕೆ ಅಷ್ಟು ಜಾಗ ಸಾಕು.

ಆ ತೀರ್ಪು ಬಂದ ಮೇಲೂ ಇಲಾಖೆ ಒಪ್ಪಲಿಲ್ಲ. 1998ರ ಏಪ್ರಿಲ್ 23ರ ರಾತ್ರಿ ಅದೇ ಹೆದ್ದಾರಿಯಲ್ಲಿ ನಾಲ್ವರು ಯುವಕರಿದ್ದ ವ್ಯಾನ್ ಒಂದನ್ನು ಇಬ್ಬರು ಪೊಲೀಸರು ತಡೆದರು. ಹುಡುಗರು ಕಪ್ಪು ಮತ್ತು ಲ್ಯಾಟಿನೊ ಮೂಲದವರು, ಬ್ಯಾಸ್ಕೆಟ್‌ಬಾಲ್ ಶಿಬಿರಕ್ಕೆ ಹೊರಟವರು. ಹನ್ನೊಂದು ಗುಂಡುಗಳು ಹಾರಿದವು. ಮೂವರು ಗಾಯಗೊಂಡರು. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. 1999ರ ಫೆಬ್ರುವರಿಯಲ್ಲಿ, ಅಲ್ಪಸಂಖ್ಯಾತರಿಗೂ ಮಾದಕವಸ್ತು ಸಾಗಣೆಗೂ ನಂಟು ಕಲ್ಪಿಸಿ ಮಾತಾಡಿದ ರಾಜ್ಯ ಪೊಲೀಸ್ ಮುಖ್ಯಸ್ಥರನ್ನು ಗವರ್ನರ್ ವಜಾ ಮಾಡಿದರು. ಏಪ್ರಿಲ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಅವರೇ ವರದಿ ಹೊರತಂದು ತಾರತಮ್ಯ ನಿಜ ಎಂದರು. ‘ಒಪ್ಪಿಗೆ’ ಪಡೆದು ನಡೆಸಿದ ಶೋಧಗಳಲ್ಲಿ ಶೇ 77ರಷ್ಟು ಅಲ್ಪಸಂಖ್ಯಾತರ ಮೇಲೆಯೇ ನಡೆದಿದ್ದವು. ರಾತ್ರಿ ಹೊತ್ತು, ಹೆದ್ದಾರಿ ಬದಿಯಲ್ಲಿ, ಸೊಂಟದಲ್ಲಿ ಪಿಸ್ತೂಲು ಇರುವವನು ಕೇಳಿದರೆ ಯಾರು ತಾನೆ ಒಪ್ಪುವುದಿಲ್ಲ?

ಆ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಬೇರೆಯೇ ಭಾಗ. ತಾರತಮ್ಯಕ್ಕೆ ಕೆಲವು ಕೆಟ್ಟ ಪೊಲೀಸರಷ್ಟೇ ಕಾರಣ ಎಂದು ಅದು ಕೈ ತೊಳೆದುಕೊಳ್ಳಲಿಲ್ಲ. ಸಾಮಾನ್ಯ ಪೊಲೀಸನೂ ಬುದ್ಧಿವಂತ, ವೃತ್ತಿಯಲ್ಲಿ ಮೇಲೇರಬೇಕೆಂಬ ಆಸೆ ಇರುವವನು; ಶಿಕ್ಷೆಯ ಭಯದಷ್ಟೇ ಬಡ್ತಿಯ ಆಸೆಯೂ ಅವನನ್ನು ನಡೆಸುತ್ತದೆ ಎಂದಿತು. ಇಲಾಖೆಯಲ್ಲಿ ಯಾರಿಗೆ ಮನ್ನಣೆ ಸಿಗುತ್ತಿತ್ತು? ರಸ್ತೆಯಲ್ಲಿ ಹೆಚ್ಚು ಮಾದಕವಸ್ತು ಹಿಡಿದವರಿಗೆ. ಕಪ್ಪು ವರ್ಣದ ಪೊಲೀಸರೂ ಈ ಪದ್ಧತಿಯ ಸುಳಿಗೆ ಸಿಕ್ಕಿರಬಹುದು ಎಂದೂ ವರದಿ ಹೇಳಿತು. ಹಾಗಾದರೆ ಇದು ಬರೀ ದ್ವೇಷದ ವಿಷಯವಲ್ಲ. ಯಂತ್ರದ ವಿನ್ಯಾಸದಲ್ಲೇ ಇರುವ ದೋಷ.

ನಮಗೆ ಕಂಟ್ರೋಲ್ ಸಿಸ್ಟಮ್ಸ್ ಪಾಠದಲ್ಲಿ ಹೇಳಿಕೊಡುವ ಪಾಸಿಟಿವ್ ಫೀಡ್‌ಬ್ಯಾಕ್ ಅಂದರೆ ಇದೇ. ಒಂದು ಬಣ್ಣದವರ ಕಾರುಗಳನ್ನೇ ಹುಡುಕಿದರೆ ಗಾಂಜಾ ಸಿಗುವುದೂ ಆ ಕಾರುಗಳಲ್ಲೇ. ಸಿಕ್ಕಿದ್ದು ದಾಖಲಾಗುತ್ತದೆ, ದಾಖಲೆ ಬಡ್ತಿ ಕೊಡಿಸುತ್ತದೆ, ಬಡ್ತಿ ಪಡೆದವನು ಕಿರಿಯರಿಗೆ ಅದನ್ನೇ ಕಲಿಸುತ್ತಾನೆ. ಹುಡುಕದೆ ಬಿಟ್ಟ ಕಾರುಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಶೋಧಗಳ ಸಂಖ್ಯೆಯನ್ನು ಬಿಟ್ಟು, ಎಷ್ಟು ಶೋಧಕ್ಕೆ ಎಷ್ಟು ಸಿಕ್ಕಿತು ಎಂದು ಭಾಗಿಸಿ ನೋಡಿದರೆ ಚಿತ್ರ ತಲೆಕೆಳಗಾಗುತ್ತದೆ. ಟರ್ನ್‌ಪೈಕ್‌ನ 2000ನೇ ಇಸವಿಯ ಅಂಕಿಗಳ ಪ್ರಕಾರ, ಶೋಧಕ್ಕೊಳಗಾದ ಬಿಳಿಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರ ಬಳಿ ಅಕ್ರಮ ವಸ್ತು ಸಿಕ್ಕಿತ್ತು. ಕಪ್ಪು ವರ್ಣೀಯರಲ್ಲಿ ಸುಮಾರು ಎಂಟರಲ್ಲಿ ಒಬ್ಬರ ಬಳಿ. ಲ್ಯಾಟಿನೊ ಜನರಲ್ಲಿ ಇಪ್ಪತ್ತರಲ್ಲಿ ಒಬ್ಬರ ಬಳಿ. ನ್ಯಾಯದ ಮಾತು ಬದಿಗಿರಲಿ, ಪೊಲೀಸ್ ಕೆಲಸವಾಗಿಯೂ ಇದು ಕಳಪೆ ಕೆಲಸ.

ನ್ಯೂಯಾರ್ಕ್ ನಗರದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. 2011ರ ಒಂದೇ ವರ್ಷದಲ್ಲಿ 6,85,724 ಬಾರಿ ಜನರನ್ನು ಬೀದಿಯಲ್ಲಿ ನಿಲ್ಲಿಸಿದರು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ಮೇಲೆ ಬಂಧನವೂ ಇಲ್ಲ, ನೋಟಿಸೂ ಇಲ್ಲ. ತಿಂಗಳಿಗೆ ಇಷ್ಟು ಕೇಸು ಬೇಕೆಂದು ಮೇಲಧಿಕಾರಿಗಳು ಒತ್ತಾಯಿಸುತ್ತಿದ್ದುದನ್ನು ಬ್ರೂಕ್ಲಿನ್‌ನ ಪೊಲೀಸ್ ಒಬ್ಬರು ಗುಟ್ಟಾಗಿ ಧ್ವನಿಮುದ್ರಿಸಿಕೊಂಡರು. 2009ರ ಅಕ್ಟೋಬರ್‌ನಲ್ಲಿ ಸಹೋದ್ಯೋಗಿಗಳೇ ಅವರನ್ನು ಮನೆಯಿಂದ ಎಳೆದೊಯ್ದು ಮಾನಸಿಕ ಚಿಕಿತ್ಸಾ ವಿಭಾಗಕ್ಕೆ ಸೇರಿಸಿದರು. 2010ರಲ್ಲಿ ಆ ರಾಜ್ಯದ ಕಾನೂನಿಗೆ ತಿದ್ದುಪಡಿಯಾಗಿ, ಗುರಿ ಮುಟ್ಟಲಿಲ್ಲವೆಂದು ಪೊಲೀಸರನ್ನು ಶಿಕ್ಷಿಸುವಂತಿಲ್ಲ ಎಂದಾಯಿತು. 2013ರಲ್ಲಿ ನ್ಯಾಯಾಲಯ ಈ ತಡೆ-ಶೋಧದ ರೀತಿಯನ್ನೇ ಸಂವಿಧಾನಬಾಹಿರ ಎಂದಿತು. ತಡೆಗಳು ಪಾತಾಳಕ್ಕಿಳಿದವು. ಕೊಲೆಗಳು ಏರಲಿಲ್ಲ, ಇಳಿದವು.

ಅಮೆರಿಕದ ಸಂಸತ್ತಿನಲ್ಲಿ ಈ ಕುರಿತ ಮಸೂದೆ 2001ರಿಂದ ಮತ್ತೆ ಮತ್ತೆ ಮಂಡನೆಯಾಗಿ ಬಿದ್ದುಹೋಗುತ್ತಿದೆ. ಹಾಗಾಗಿ ಕೆಲಸ ರಾಜ್ಯಗಳ ಪಾಲಿಗೆ ಬಂದಿದೆ. 2020ರಲ್ಲಿ ಕೊಲರಾಡೊ ರಾಜ್ಯ ‘ಕರ್ತವ್ಯ’ಕ್ಕೆ ಹೊಸ ಅರ್ಥ ಕೊಟ್ಟಿತು: ಜೊತೆಗಾರ ಅತಿಯಾದ ಬಲ ಬಳಸುತ್ತಿದ್ದರೆ ತಡೆಯುವುದೂ ಪೊಲೀಸನ ಕರ್ತವ್ಯ. ಜಾರ್ಜ್ ಫ್ಲಾಯ್ಡ್ ಸತ್ತು ತಿಂಗಳು ಕಳೆಯುವ ಮೊದಲೇ ಗವರ್ನರ್ ಸಹಿ ಬಿತ್ತು. ಆದರೆ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಕ್ಯಾಲಿಫೋರ್ನಿಯಾದ 2015ರ ಕಾನೂನು. ಪ್ರತಿ ತಡೆಗೂ ಪೊಲೀಸ್ ಒಂದು ನಮೂನೆ ತುಂಬಬೇಕು. ಯಾಕೆ ತಡೆದೆ, ಶೋಧಿಸಿದೆಯಾ, ಏನು ಸಿಕ್ಕಿತು, ಎಷ್ಟು ಹೊತ್ತು ನಿಲ್ಲಿಸಿದೆ. ಜನಾಂಗ ಯಾವುದೆಂದು ತಡೆದವರನ್ನು ಕೇಳುವಂತಿಲ್ಲ. ನಿನ್ನ ಕಣ್ಣಿಗೆ ಏನೆಂದು ಕಂಡಿತೋ ಅದನ್ನೇ ಬರೆ ಎನ್ನುತ್ತದೆ ಕಾನೂನು. ಎಂಥ ಸೂಕ್ಷ್ಮ! ತಾರತಮ್ಯ ನಡೆಯುವುದು ಆಧಾರ್ ಕಾರ್ಡಿನಲ್ಲಲ್ಲ, ನೋಡುವವನ ಕಣ್ಣಿನಲ್ಲಿ. ಆ ನಮೂನೆಯಲ್ಲಿ ನಮಗೂ ಒಂದು ಮನೆಯಿದೆ: ‘ಮಧ್ಯಪ್ರಾಚ್ಯ ಅಥವಾ ದಕ್ಷಿಣ ಏಷ್ಯಾ’. ಆದರೆ ಹುಬ್ಬಳ್ಳಿಯ ಹುಡುಗನೊಬ್ಬ ಸಂಜೆಗತ್ತಲಲ್ಲಿ ಯಾವ ಮನೆಗೆ ಬೀಳುತ್ತಾನೆ ಎಂಬುದನ್ನು ಅವನು ನಿರ್ಧರಿಸುವುದಿಲ್ಲ.

ಇದು ಉತ್ಪ್ರೇಕ್ಷೆ ಎನಿಸಿದರೆ 2015ರ ಫೆಬ್ರುವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಹೋಗಿದ್ದ ಅಜ್ಜ ಮಗನ ಮನೆಯ ಹತ್ತಿರ ವಾಕಿಂಗ್ ಹೋಗಿದ್ದರು. ತೆಳ್ಳಗಿನ ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ ಎಂದು ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಅಜ್ಜನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನೆಲಕ್ಕೆ ಕೆಡವಿದ ರಭಸಕ್ಕೆ ಕುತ್ತಿಗೆಗೆ ಪೆಟ್ಟು ಬಿದ್ದು ಪಾರ್ಶ್ವವಾಯು ಬಡಿಯಿತು. ದೃಶ್ಯ ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಆದರೂ ಎರಡು ಬಾರಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಕೊನೆಗೆ ನ್ಯಾಯಾಧೀಶರು ಆ ಪೊಲೀಸನನ್ನು ಖುಲಾಸೆ ಮಾಡಿದರು.

ಕ್ಯಾಲಿಫೋರ್ನಿಯಾದ ಲೆಕ್ಕ ಈಗ ಪ್ರತಿ ವರ್ಷ ಹೊರಬರುತ್ತದೆ. 2021ರಲ್ಲಿ 58 ಇಲಾಖೆಗಳು ದಾಖಲಿಸಿದ ಸುಮಾರು 31 ಲಕ್ಷ ತಡೆಗಳಲ್ಲಿ ಕಪ್ಪು ವರ್ಣೀಯರ ಪಾಲು ಶೇ 15ರಷ್ಟು. ಜನಸಂಖ್ಯೆಯಲ್ಲಿ ಅವರಿರುವುದು ಶೇ 6ರಷ್ಟು. ಅಂಕಿ ಬಂತು, ಸುದ್ದಿಯಾಯಿತು, ಮುಂದಿನ ವರ್ಷದ ಅಂಕಿಯೂ ಬಂತು. ನನ್ನ ತಕರಾರು ಇಲ್ಲೇ. ಲೆಕ್ಕದ ಪುಸ್ತಕ ಒಂದು ಕಪಾಟಿನಲ್ಲಿ, ಬಡ್ತಿಯ ಕಡತ ಇನ್ನೊಂದು ಕಪಾಟಿನಲ್ಲಿ ಇದ್ದರೆ ಏನು ಪ್ರಯೋಜನ? ಇನ್ನು ಮುಂದೆ ಯಾವ ರಾಜ್ಯ ಇಂಥ ಮಸೂದೆ ತಂದರೂ, ಬಡ್ತಿಗೆ ಕೂರುವ ಸಮಿತಿಯ ಮೇಜಿನ ಮೇಲೆ ಆ ಅಧಿಕಾರಿಯ ತಡೆಗಳ ದಾಖಲೆ ಇರಲೇಬೇಕು ಎಂದು ಬರೆಯಬೇಕು. ಎಷ್ಟು ಜನರನ್ನು ಹಿಡಿದ ಎಂದಲ್ಲ, ಎಷ್ಟು ಜನರನ್ನು ಸುಮ್ಮನೆ ನಿಲ್ಲಿಸಿದ ಎಂದು.

ಇದಕ್ಕೆ ಬರುವ ಆಕ್ಷೇಪ ಹಗುರವಾದದ್ದಲ್ಲ. ಲೆಕ್ಕಕ್ಕೂ ಲಾಭಕ್ಕೂ ಗಂಟು ಹಾಕಿದರೆ ಲೆಕ್ಕವೇ ಕೆಡುತ್ತದೆ. ಕನೆಕ್ಟಿಕಟ್‌ನಲ್ಲಿ ಕೆಲವು ಪೊಲೀಸರು ಚುರುಕಾಗಿ ಕಾಣಿಸಿಕೊಳ್ಳಲು ಬರೆಯದ ಟಿಕೆಟ್‌ಗಳನ್ನು ಬರೆದಂತೆ ತೋರಿಸಿದ್ದರು. 2023ರ ಲೆಕ್ಕ ಪರಿಶೋಧನೆ 25 ಸಾವಿರಕ್ಕೂ ಹೆಚ್ಚು ದಾಖಲೆಗಳ ಮೇಲೆ ಅನುಮಾನ ವ್ಯಕ್ತಪಡಿಸಿತು. ಆಮೇಲಿನ ತನಿಖೆಯಲ್ಲಿ ಬಹುಪಾಲು ಅಜಾಗರೂಕತೆ ಎಂದು ಕಂಡುಬಂತು. ಆದರೂ ಜನಾಂಗವಾರು ಅಂಕಿಗಳ ಮೇಲಿನ ನಂಬಿಕೆಗೆ ಏಟು ಬಿದ್ದೇ ಬಿತ್ತು. ಹಾಗೆಂದು ಅಳತೆಯನ್ನೇ ಬಿಡಬೇಕೆ? ಲ್ಯಾಬಿನಲ್ಲಿ ಮೀಟರ್ ತಪ್ಪು ತೋರಿಸಿದರೆ ಕ್ಯಾಲಿಬ್ರೇಟ್ ಮಾಡುತ್ತೇವೆ, ಕಿಟಕಿಯಿಂದ ಎಸೆಯುವುದಿಲ್ಲ. ಪೊಲೀಸ್ ಬರೆದದ್ದನ್ನು ಬಾಡಿ ಕ್ಯಾಮೆರಾದ ದೃಶ್ಯದೊಂದಿಗೆ ಅಲ್ಲೊಂದು ಇಲ್ಲೊಂದು ತಾಳೆ ನೋಡುವ ಕೆಲಸವನ್ನು ಇಲಾಖೆಯ ಹೊರಗಿನವರಿಗೆ ಕೊಟ್ಟರೆ ಸುಳ್ಳು ಬರೆಯುವುದು ದುಬಾರಿಯಾಗುತ್ತದೆ.

ಅಲ್ಲಿಯಂತೆ ಇಲ್ಲಿಯೂ ಪೊಲೀಸ್ ರಾಜ್ಯದ ವಿಷಯ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಕೊಟ್ಟ ನಿರ್ದೇಶನಗಳಲ್ಲಿ ವರ್ಗಾವಣೆ, ಬಡ್ತಿಗಳನ್ನು ನೋಡಿಕೊಳ್ಳಲು ಒಂದು ಮಂಡಳಿ ಇರಬೇಕು ಎಂಬುದೂ ಇತ್ತು. 2012ರಲ್ಲಿ ಕರ್ನಾಟಕ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಬಡ್ತಿಯಲ್ಲಿ ರಾಜಕಾರಣಿಗಳ ಕೈವಾಡ ತಪ್ಪಿಸುವುದು ಆ ನಿರ್ದೇಶನದ ಉದ್ದೇಶ, ಒಳ್ಳೆಯದೇ. ರಸ್ತೆಯಲ್ಲಿ ಯಾರನ್ನು ನಿಲ್ಲಿಸಿದರು ಎಂಬ ಪ್ರಶ್ನೆ ಮಾತ್ರ ಅಲ್ಲಿಗೆ ತಲುಪಿಲ್ಲ.

ನನ್ನ ಹಾಸ್ಟೆಲ್ ರೂಮ್‌ಮೇಟ್ ಮಣಿಪುರದವನು. ಕಳೆದ ಸೆಮಿಸ್ಟರ್‌ನಲ್ಲಿ ರಾತ್ರಿ ಊಟಕ್ಕೆಂದು ನಾವಿಬ್ಬರೂ ಹೊರಗೆ ಹೋದಾಗ ಮೂರು ಬಾರಿ ನಮ್ಮನ್ನು ನಿಲ್ಲಿಸಿದ್ದಾರೆ. ಮೂರೂ ಸಲ ಬ್ಯಾಗ್ ತೆರೆಸಿದ್ದು ಅವನದ್ದು. ನನ್ನದನ್ನು ಒಮ್ಮೆಯೂ ಕೇಳಲಿಲ್ಲ, ನನ್ನ ಬ್ಯಾಗೇ ದೊಡ್ಡದಿದ್ದರೂ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಒಬ್ಬರಂತೂ ನಗುನಗುತ್ತಲೇ ಮಾತಾಡಿದರು. ಆದರೆ ಮೂರು ಬಾರಿಯೂ ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ, ಯಾಕೆಂದೂ ಹೇಳಲಿಲ್ಲ. ಕಾಗದದ ಮೇಲೆ ಆ ಮೂರು ರಾತ್ರಿಗಳು ನಡೆದೇ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿ 1ರಿಂದ ಇನ್ನೊಂದು ನಿಯಮ ಜಾರಿಯಾಗಿದೆ. ತಡೆದ ಪೊಲೀಸ್ ಬೇರೆ ಪ್ರಶ್ನೆ ಕೇಳುವ ಮೊದಲು ತಡೆದ ಕಾರಣವನ್ನು ಹೇಳಬೇಕು. ‘ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ’ ಎಲ್ಲ ಆಮೇಲೆ. ಇದನ್ನು ರೂಮ್‌ಮೇಟ್‌ಗೆ ಓದಿ ಹೇಳಿದೆ. ಅವನು ಕೇಳಿದ್ದು ಒಂದೇ: ‘ಕಾರಣ ಇಲ್ಲದಿದ್ದರೆ ಏನು ಹೇಳುತ್ತಾರೆ?’