ಊರಿಗೆ ನೀರು ತಂದವನ ಹೆಸರು

ಔರಂಗಾಬಾದ್ ನಗರ ಛತ್ರಪತಿ ಸಂಭಾಜಿನಗರವಾದದ್ದು 2023ರಲ್ಲಿ. ಆಗ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಚರ್ಚೆಯೋ ಚರ್ಚೆ. ಆದರೆ ಆ ಊರನ್ನು ಕಟ್ಟಿದವನು ಯಾರು ಎಂದು ಕೇಳಿದವರು ಕಡಿಮೆ.

ಅವನು ಮಲಿಕ್ ಅಂಬರ್. 1548ರ ಸುಮಾರಿಗೆ ಆಫ್ರಿಕಾದ ಇಥಿಯೋಪಿಯಾದಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲೇ ಗುಲಾಮನಾಗಿ ಮಾರಾಟವಾಗಿ, ಬಾಗ್ದಾದ್ ದಾಟಿ ಅಹ್ಮದ್‌ನಗರಕ್ಕೆ ಬಂದ. ಅಲ್ಲಿ ಅವನನ್ನು ಕೊಂಡ ಪೇಶ್ವೆಯೂ ಆಫ್ರಿಕಾ ಮೂಲದವನೇ. ಒಡೆಯ ಸತ್ತ ಮೇಲೆ ಬಿಡುಗಡೆ ಸಿಕ್ಕಿತು. ನಮ್ಮ ವಿಜಯಪುರದ ಆದಿಲ್‌ಶಾಹಿಗಳ ಕೈಕೆಳಗೂ ಸೈನಿಕನಾಗಿ ದುಡಿದ. ಕೊನೆಗೆ ಅಹ್ಮದ್‌ನಗರ ರಾಜ್ಯವನ್ನೇ ನಡೆಸುವವನಾಗಿ ಮೊಘಲರನ್ನು ವರ್ಷಗಟ್ಟಲೆ ತಡೆದ. ಬಾದಶಹ ಜಹಾಂಗೀರ್ ಅವನನ್ನು 'ಕರಿಮುಖದವ' ಎಂದು ಹೀಯಾಳಿಸಿ ಬರೆದ. ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುವ ಚಿತ್ರವನ್ನೂ ಬರೆಸಿಕೊಂಡ. ಅದು ಚಿತ್ರದಲ್ಲಿ ಮಾತ್ರ ಆದದ್ದು! ಅಂಬರ್ 1626ರವರೆಗೆ ಬದುಕಿದ್ದ.

1610ರಲ್ಲಿ ಅವನು ಖಡ್ಕಿ ಎಂಬ ಹಳ್ಳಿಯನ್ನು ರಾಜಧಾನಿ ಮಾಡಿದ. ಊರು ನಿಲ್ಲಬೇಕಾದರೆ ನೀರು ಬೇಕಲ್ಲ? ಬೆಟ್ಟದ ಕಡೆಯಿಂದ ನೆಲದಡಿಯಲ್ಲೇ ಕಾಲುವೆ ಕೊರೆಸಿದ. ಅಲ್ಲಲ್ಲಿ ಬಾವಿಯಂತೆ ಬಾಯಿ ಬಿಡಿಸಿದ. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರಿನ ಲೆಕ್ಕವೊಂದೇ. ಅವನು ಸತ್ತ ಮೇಲೆ ಮಗ ಫತೇಖಾನ್ ಊರಿಗೆ ಫತೇನಗರ ಎಂದು ತನ್ನ ಹೆಸರಿಟ್ಟ. 1653ರಲ್ಲಿ ಔರಂಗಜೇಬ್ ತನ್ನ ಹೆಸರಿಟ್ಟ. ಅಂಬರನ ಹೆಸರು ಉಳಿದದ್ದು ಆ ಕಾಲುವೆಗೆ: ನಹರ್-ಎ-ಅಂಬರಿ.

ಇದನ್ನು ಓದುವಾಗ ಪುತ್ತೂರು, ಸುಳ್ಯ ಕಡೆಯವರಿಗೆ ಸುರಂಗ ನೆನಪಾಗದೆ ಇರುತ್ತದೆಯೇ? ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಹಿಡಿಸುವಷ್ಟೇ ಅಗಲದಲ್ಲಿ, ಮೇಣದಬತ್ತಿಯ ಬೆಳಕಲ್ಲಿ ಕೋಲುಗಟ್ಟಲೆ ಒಳಗೆ ಹೋಗಿ ನೀರು ತಂದ ಕೆಲಸ ಅದು. ಎಷ್ಟೋ ಅಡಿಕೆ ತೋಟಗಳು ಬದುಕಿದ್ದೇ ಆ ನೀರಿನಿಂದ. ತೋಟಕ್ಕೆ ಯಜಮಾನರ ಹೆಸರಿದೆ. ಕೊರೆದವರು ಯಾರೆಂದು ಕೇಳಿದರೆ "ಯಾರೋ ಕೆಲಸದವರು" ಎಂಬ ಉತ್ತರ.

ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು, ಒಬ್ಬರೇ ಬೋಳುಗುಡ್ಡದಲ್ಲಿ ಸುರಂಗ ಕೊರೆದು ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮಗೆಲ್ಲ ಹೆಮ್ಮೆ, ಸರಿ. ಉಳಿದವರು? ಅವರಲ್ಲಿ ಹೆಚ್ಚಿನವರು ಈಗ ಮುದುಕರು. ಬೋರ್‌ವೆಲ್ ಬಂದ ಮೇಲೆ ಅವರನ್ನು ಕರೆಯುವವರೂ ಇಲ್ಲ. ರಾಜರ ಹೆಸರಿಗಾಗಿ ಜಗಳವಾಡುವ ಉತ್ಸಾಹದಲ್ಲಿ ಕಾಲುಭಾಗ ಈ ಕಡೆ ತಿರುಗಿದರೂ ಸಾಕು, ಪ್ರತಿ ಪಂಚಾಯತ್‌ನಲ್ಲೂ ಒಂದು ಪಟ್ಟಿ ಆದೀತು ಎಂಬುದು ನಮ್ಮ ಅಭಿಪ್ರಾಯ. ಸುರಂಗ ಎಲ್ಲಿದೆ, ಎಷ್ಟು ಕೋಲು, ಕೊರೆದವರು ಯಾರು, ನೀರು ಈಗಲೂ ಬರುತ್ತದೆಯೇ.

ಪಂಚಾಯತ್ ಮಾಡುವವರೆಗೆ ನಾವು ಕಾಯುವುದಿಲ್ಲ. ನಿಮ್ಮ ಮನೆಯ ಹಿರಿಯರನ್ನು ಇವತ್ತೇ ಕೇಳಿ, ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ ನಮಗೆ ಕಳಿಸಿ. ತುಳುವಿನಲ್ಲಿದ್ದರೂ ಆಗುತ್ತದೆ, ಅರೆಭಾಷೆಯಲ್ಲಿದ್ದರೂ ಆಗುತ್ತದೆ.